ಭರ್ಜಿ ಹಿಡಿದ ರಾವುತರು ಯುರೋಪಿಗೆ ಮರಳಿದ ದಾರಿ

16ನೆಯ ಶತಮಾನ ಮುಗಿಯುವ ಹೊತ್ತಿಗೆ ಪಶ್ಚಿಮ ಯುರೋಪಿನ ಬಹುತೇಕ ಸೈನ್ಯಗಳಲ್ಲಿ ಕುದುರೆಯೇರಿದ ಯೋಧ ಭರ್ಜಿಯನ್ನು ಕೈಬಿಟ್ಟಿದ್ದ. ಸುಮಾರು 300 ವರ್ಷಗಳ ನಂತರ, 1890ರ ಆಸುಪಾಸಿನಲ್ಲಿ, ಜರ್ಮನಿಯು ತನ್ನ ಕುದುರೆಪಡೆಯ ಎಲ್ಲ ರೆಜಿಮೆಂಟುಗಳಿಗೂ, ಎದೆಕವಚದ ಪರಂಪರೆಯ ಕ್ಯುರಾಸಿಯರ್‌ಗಳಿಂದ ಹಿಡಿದು ಹಗುರ ಹುಸಾರ್‌ಗಳವರೆಗೆ, 3 ಮೀಟರಿಗೂ ಮಿಕ್ಕಿದ ಉಕ್ಕಿನ ಕೊಳವೆಯ ಭರ್ಜಿಯನ್ನು ಹಂಚಿತು. ಬಂದೂಕು ಇನ್ನೂ ಎಳೆಯದಾಗಿದ್ದಾಗ ಹಳತೆನಿಸಿಕೊಂಡು ಮೂಲೆ ಸೇರಿದ ಆಯುಧ, ಬಂದೂಕು ಬಲಿತು ನಿಂತ ಕಾಲದಲ್ಲಿ ಮತ್ತೆ ರಾವುತರ ಕೈಗೆ ಬಂದದ್ದು ಹೇಗೆ ಎಂಬುದು ಸೈನಿಕ ಚರಿತ್ರೆಯನ್ನು ಓದುವವರಿಗೆ ಎದುರಾಗುವ ಕುತೂಹಲದ ಪ್ರಶ್ನೆಗಳಲ್ಲಿ ಒಂದು. ಮಧ್ಯಯುಗದ ನೈಟ್‌ಗಳ ಆಯುಧವೇ ಮರುಹುಟ್ಟು ಪಡೆಯಿತು ಎಂಬ ಉತ್ತರ ಮೊದಲಿಗೆ ಹೊಳೆಯುತ್ತದೆ, ಆದರೆ ಅದು ಸರಿಯಲ್ಲ. ಹೊಸ ಭರ್ಜಿ ಬಂದದ್ದು ಪೂರ್ವದಿಂದ, ತಾತಾರರ ಮತ್ತು ಪೋಲರ ಮೂಲಕ. ಅದನ್ನು ಯುರೋಪಿನ ಉದ್ದಗಲಕ್ಕೆ ಹೊತ್ತೊಯ್ದವರಲ್ಲಿ ಬಹುಮಂದಿ ತಮ್ಮ ದೇಶವನ್ನೇ ಕಳೆದುಕೊಂಡವರಾಗಿದ್ದರು.

ಹಳೆಯ ಭರ್ಜಿ ಏಕೆ ಮರೆಯಾಯಿತು ಎಂಬುದನ್ನು ಮೊದಲು ತಿಳಿಯಬೇಕು. ನೈಟ್ ತನ್ನ ಭಾರವಾದ ಭರ್ಜಿಯ ಬುಡವನ್ನು ಬಲಗಂಕುಳಲ್ಲಿ ಅವುಚಿ, ಎದೆಕವಚಕ್ಕೆ ಬಿಗಿದ ಕೊಂಡಿಯ ಮೇಲೆ ಅದನ್ನು ಊರಿ, ಕುದುರೆಯ ವೇಗವೂ ತೂಕವೂ ತನ್ನ ದೇಹದ ಭಾರವೂ ಒಂದೇ ಮೊನೆಯಲ್ಲಿ ಸೇರುವಂತೆ ಎದುರಾಳಿಯ ಮೇಲೆ ನುಗ್ಗುತ್ತಿದ್ದ. ಹೊಡೆತ ಒಂದೇ, ಆದರೆ ಅದು ಬಿದ್ದರೆ ತಡೆಯುವವರಿಲ್ಲ. ಇದಕ್ಕೆ ಬಲವಾದ ಕುದುರೆ ಬೇಕು, ಸಮತಟ್ಟಾದ ನೆಲ ಬೇಕು, ಬಾಲ್ಯದಿಂದಲೇ ಪಳಗಿದ ಸವಾರ ಬೇಕು. 16ನೆಯ ಶತಮಾನದಲ್ಲಿ ಚಕ್ರದ ಕೀಲಿನ ಪಿಸ್ತೂಲು ಬಂದಾಗ, ಕುದುರೆಯ ಮೇಲೆ ಕುಳಿತು ಒಂದೇ ಕೈಯಲ್ಲಿ ಗುಂಡು ಹಾರಿಸುವುದು ಸಾಧ್ಯವಾಯಿತು. 1590ರಲ್ಲಿ ಇವ್ರಿಯ ಕಾಳಗದಲ್ಲಿ ಫ್ರಾನ್ಸಿನ ನಾಲ್ಕನೆಯ ಹೆನ್ರಿಯ ಪಿಸ್ತೂಲುಧಾರಿ ರಾವುತರು ಕ್ಯಾಥಲಿಕ್ ಕೂಟದ ಭರ್ಜಿಗಾರರನ್ನು ಸೋಲಿಸಿದರು. 1597ರಲ್ಲಿ ಟರ್ನ್‌ಹೌಟ್ ಬಳಿ ನಾಸಾವಿನ ಮಾರಿಸ್‌ನ ಡಚ್ ಕುದುರೆಪಡೆಯು ಸ್ಪೇನಿನ ಪಕ್ಷದ ಭರ್ಜಿಗಾರರಿಗೆ ಅದೇ ಗತಿ ಕಾಣಿಸಿತು. ಪಿಸ್ತೂಲು ಎಲ್ಲ ಬಗೆಯಲ್ಲೂ ಮೇಲು ಎಂಬುದಕ್ಕಿಂತ, ಅದನ್ನು ಹಿಡಿಯುವವನನ್ನು ಕಡಿಮೆ ಸಮಯದಲ್ಲಿ ಕಡಿಮೆ ಖರ್ಚಿನಲ್ಲಿ ತಯಾರು ಮಾಡಬಹುದು ಎಂಬುದೇ ಈ ಬದಲಾವಣೆಯ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಅಲ್ಲೊಂದು ಇಲ್ಲೊಂದು ಕಡೆ ಭರ್ಜಿ ಉಳಿದಿತ್ತು ನಿಜ. ಸ್ಕಾಟ್ಲೆಂಡಿನ ರಾವುತರು 1644ರ ಮಾರ್ಸ್ಟನ್ ಮೂರ್ ಕಾಳಗದಲ್ಲಿಯೂ ಅದನ್ನು ಹಿಡಿದಿದ್ದರು. ಆದರೆ ಅಂಥವರು ಅಪವಾದವಾಗಿದ್ದರು.

ಪೋಲೆಂಡ್ ಮತ್ತು ಲಿಥುವೇನಿಯಾಗಳು ಸೇರಿ ಕಟ್ಟಿದ ಒಕ್ಕೂಟ ರಾಜ್ಯದಲ್ಲಿ ಮಾತ್ರ ಭರ್ಜಿ ಎಂದೂ ಮೂಲೆ ಸೇರಲಿಲ್ಲ. ಪೂರ್ವ ಯುರೋಪಿನ ಬಯಲು ವಿಶಾಲ, ಕುದುರೆಗಳು ಉತ್ತಮ ತಳಿಯವು, ಎದುರಾಳಿಗಳು ಹೆಚ್ಚಾಗಿ ಕುದುರೆಯ ಮೇಲೆಯೇ ಹೋರಾಡುವ ತಾತಾರರು, ತುರ್ಕರು ಮತ್ತು ಮಾಸ್ಕೋವಿನವರು. ಅಲ್ಲಿನ ಹುಸಾರ್‌ಗಳು, ಬೆನ್ನಿಗೋ ಜೀನಿಗೋ ಗರಿಗಳ ರೆಕ್ಕೆ ಕಟ್ಟಿಕೊಂಡವರೆಂದು ಇಂದಿಗೂ ಹೆಸರಾಗಿರುವವರು, ಸುಮಾರು 5 ಮೀಟರ್ ಉದ್ದದ ಕೋಪಿಯಾ ಎಂಬ ಭರ್ಜಿಯನ್ನು ಬಳಸುತ್ತಿದ್ದರು. ಅಷ್ಟು ಉದ್ದದ ಕಂಬವನ್ನು ಕೈಯಲ್ಲಿ ತೂಗುವುದು ಹೇಗೆ ಎಂಬುದಕ್ಕೆ ಬಡಗಿಯ ಜಾಣ್ಮೆಯಲ್ಲಿ ಉತ್ತರವಿತ್ತು: ಮರವನ್ನು ಎರಡು ಹೋಳಾಗಿ ಸೀಳಿ, ಒಳಗನ್ನು ಕೊರೆದು ಟೊಳ್ಳುಮಾಡಿ, ಮತ್ತೆ ಅಂಟಿಸಿ ಬಿಗಿಯುತ್ತಿದ್ದರು. ಕಾಲಾಳುಗಳ ಈಟಿಗಿಂತಲೂ ಮುಂದೆ ಚಾಚುವ ಈ ಭರ್ಜಿ ಮೊದಲ ಹೊಡೆತಕ್ಕೇ ಮುರಿದುಹೋಗುತ್ತಿತ್ತು, ಮುರಿಯಲೆಂದೇ ಮಾಡಿದ್ದು ಅದು. 1605ರ ಸೆಪ್ಟೆಂಬರ್ 27ರಂದು ಕಿರ್ಖೋಮ್ ಬಳಿ ಹೆಟ್ಮನ್, ಅಂದರೆ ಸೇನಾಪತಿ, ಖೋಡ್ಕಿಯೆವಿಚ್ ಸುಮಾರು 3,600 ಜನರೊಂದಿಗೆ ಸುಮಾರು 11,000 ಜನರಿದ್ದ ಸ್ವೀಡಿಶ್ ಸೈನ್ಯವನ್ನು ಚದುರಿಸಿದ್ದರಲ್ಲಿ ಈ ಹುಸಾರ್‌ಗಳ ಪಾತ್ರ ಮುಖ್ಯವಾಗಿತ್ತು. 1683ರಲ್ಲಿ ವಿಯೆನ್ನಾ ನಗರದ ಮುತ್ತಿಗೆಯನ್ನು ಒಡೆದ ದಾಳಿಯಲ್ಲಿಯೂ ಅವರಿದ್ದರು. ಆದರೆ 18ನೆಯ ಶತಮಾನದಲ್ಲಿ ಪೋಲೆಂಡಿನ ರಾಜ್ಯವೇ ಸೊರಗಿತು. 1717ರ ಸಂಸತ್ತು ಸೈನ್ಯದ ಮಿತಿಯನ್ನು 24,000ಕ್ಕೆ ಇಳಿಸಿತು. 1776ರಲ್ಲಿ ಹುಸಾರ್ ದಳವನ್ನು ಬರಖಾಸ್ತು ಮಾಡಿ ಅವರನ್ನು ರಾಷ್ಟ್ರೀಯ ಕುದುರೆಪಡೆಯೆಂಬ ಹೊಸ ವ್ಯವಸ್ಥೆಗೆ ಸೇರಿಸಲಾಯಿತು.

ಆದ್ದರಿಂದ ನೆಪೋಲಿಯನ್ ಕಾಲದ ಲ್ಯಾನ್ಸರ್, ಅಂದರೆ ಭರ್ಜಿ ಹಿಡಿದ ರಾವುತ, ರೆಕ್ಕೆಯ ಹುಸಾರನ ನೇರ ವಾರಸುದಾರನಲ್ಲ. ಅವನ ಬೇರು ಲಿಥುವೇನಿಯಾದ ತಾತಾರರಲ್ಲಿದೆ. 14ನೆಯ ಶತಮಾನದ ಕೊನೆಯಲ್ಲಿ ಮಹಾಪ್ರಭು ವೀತೌತಸ್‌ನ ಆಶ್ರಯದಲ್ಲಿ ಲಿಥುವೇನಿಯಾದಲ್ಲಿ ನೆಲೆ ಕಂಡ ಈ ಜನ, ಲಿಪ್ಕಾ ತಾತಾರರು, ಯುದ್ಧಸೇವೆಗೆ ಪ್ರತಿಯಾಗಿ ಭೂಮಿ ಪಡೆದರು, ತಮ್ಮ ಇಸ್ಲಾಂ ಧರ್ಮವನ್ನು ಉಳಿಸಿಕೊಂಡರು, 1410ರ ಗ್ರುನ್‌ವಾಲ್ಡ್ ಕಾಳಗದಲ್ಲಿ ಟ್ಯೂಟಾನಿಕ್ ನೈಟ್‌ಗಳ ವಿರುದ್ಧ ಹೋರಾಡಿದರು. 1679ರಲ್ಲಿ ರಾಜ ಮೂರನೆಯ ಯಾನ್ ಸೊಬಿಯೆಸ್ಕಿ ಅವರಿಗೆ ಕ್ರುಶಿನ್ಯಾನಿ ಮತ್ತು ಬೊಹೊನಿಕಿ ಹಳ್ಳಿಗಳಲ್ಲಿ ಜಮೀನು ಕೊಟ್ಟ. ಆ ಹಳ್ಳಿಗಳಲ್ಲಿ ಮರದ ಮಸೀದಿಗಳು ಇಂದಿಗೂ ನಿಂತಿವೆ. ಭರ್ಜಿಯ ರಾವುತರಿಗೆ ಉಲಾನ್ ಎಂಬ ಹೆಸರು ಬಂದದ್ದೂ ಇವರಿಂದಲೇ. ತುರ್ಕಿ ನುಡಿಗಳಲ್ಲಿ ಓಗ್ಲಾನ್ ಎಂದರೆ ಹುಡುಗ, ಯುವಕ. ಆ ಮಾತು ಪೋಲಿಶ್ ಬಾಯಿಗೆ ಬಿದ್ದು ಉವಾನ್ ಆಯಿತು, ಜರ್ಮನ್ ಭಾಷೆಯಲ್ಲಿ ಉಲಾನ್ ಆಗಿ ನಿಂತಿತು. ಪೋಲೆಂಡಿನ ಸಿಂಹಾಸನವೇರಿದ ಸ್ಯಾಕ್ಸನಿಯ ದೊರೆಗಳು, ಎರಡನೆಯ ಮತ್ತು ಮೂರನೆಯ ಆಗಸ್ಟಸ್, ಈ ತಾತಾರ್ ಪಡೆಗಳನ್ನು ತಮ್ಮ ಸೇವೆಯಲ್ಲಿ ಇಟ್ಟುಕೊಂಡಾಗ ಆ ಹೆಸರೂ ಆ ಆಯುಧವೂ ಜರ್ಮನ್ ನಾಡುಗಳ ಅರಿವಿಗೆ ಬಂದವು.

ಈ ಹೊಸ ಭರ್ಜಿಗೂ ನೈಟ್‌ನ ಭರ್ಜಿಗೂ ಇದ್ದ ವ್ಯತ್ಯಾಸವನ್ನು ಹಿಡಿದರೆ ಮುಂದಿನ ಕಥೆಯ ಅರ್ಧ ತಿಳಿದಂತೆ. ಇದರ ಉದ್ದ ಸಾಮಾನ್ಯವಾಗಿ ಮೂರು ಮೀಟರಿಗಿಂತ ಕಡಿಮೆ. ಕಂಬ ತೆಳು ಮತ್ತು ಗಟ್ಟಿ. ಎದುರಾಳಿಯ ಕತ್ತಿ ಮೊನೆಯನ್ನು ತುಂಡರಿಸದಂತೆ ಅದರ ಕೆಳಗಿನ ಭಾಗಕ್ಕೆ ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಹೊಡೆದಿರುತ್ತಿದ್ದರು. ತೂಕ ಸಮನಾಗಿ ನಿಲ್ಲುವ ಜಾಗದಲ್ಲಿ ಒಂದು ತೊಗಲಿನ ಕುಣಿಕೆ ಇರುತ್ತಿತ್ತು. ಅದರಲ್ಲಿ ಮುಂಗೈ ತೂರಿಸಿದರೆ ಭರ್ಜಿ ಕೈಜಾರುತ್ತಿರಲಿಲ್ಲ. ಸಾಗುವಾಗ ಅದರ ಬುಡ ರಿಕಾಪಿಗೆ ಕಟ್ಟಿದ ಸಣ್ಣ ತೊಗಲಿನ ಗೂಡಿನಲ್ಲಿ ಊರಿಕೊಳ್ಳುತ್ತಿತ್ತು. ಮೊನೆಯ ಕೆಳಗೆ ಕಟ್ಟಿದ ಎರಡು ಬಣ್ಣದ, ಎರಡು ನಾಲಗೆಯ ಪತಾಕೆ ರೆಜಿಮೆಂಟಿನ ಗುರುತೂ ಹೌದು, ಎದುರಿನ ಕುದುರೆಗಳನ್ನು ಬೆದರಿಸುವ ಉಪಾಯವೂ ಹೌದು. ಕಂಕುಳಲ್ಲಿ ಅವುಚಿ ನುಗ್ಗುವುದು ಇದರ ಬಳಕೆಗಳಲ್ಲಿ ಒಂದು ಮಾತ್ರ. ಪಳಗಿದವನು ಇದನ್ನು ನಡುವಿನಲ್ಲಿ ಹಿಡಿದು ಮುಂದಕ್ಕೆ, ಎಡಕ್ಕೆ, ಬಲಕ್ಕೆ, ಬೆನ್ನ ಹಿಂದಕ್ಕೆ ತಿವಿಯಬಲ್ಲ; ತಲೆಯ ಮೇಲೆ ಗಿರಗಿರನೆ ಬೀಸಿ ಸುತ್ತುಗಟ್ಟಿದವರನ್ನು ದೂರವಿಡಬಲ್ಲ; ನೆಲದ ಮೇಲೆ ಮಲಗಿದವನನ್ನೂ ತೋಪಿನ ಗಾಡಿಯ ಅಡಿ ಅವಿತವನನ್ನೂ ತಲುಪಬಲ್ಲ. ಕತ್ತಿ ಹಿಡಿದ ರಾವುತನಿಗೆ ಈ ಕೊನೆಯದು ಕಷ್ಟಸಾಧ್ಯ. ಆದರೆ ಇದೆಲ್ಲ ಪಳಗಿದವನ ಮಾತು. ಪಳಗದವನ ಕೈಯಲ್ಲಿ ಅದೇ ಭರ್ಜಿ ಅವನ ಕುದುರೆಯ ಕಿವಿಗೆ, ಪಕ್ಕದವನ ತೋಳಿಗೆ, ಮರದ ಕೊಂಬೆಗೆ ಸಿಕ್ಕಿಕೊಳ್ಳುವ ಉದ್ದನೆಯ ಕೋಲು ಅಷ್ಟೇ.

ಈ ಪಾಠವನ್ನು ಪ್ರಷ್ಯಾದ ಎರಡನೆಯ ಫ್ರೆಡರಿಕ್ ಬೇಗನೆ ಕಲಿತ. ಪಟ್ಟಕ್ಕೆ ಬಂದ ಹೊಸದರಲ್ಲೇ, ಮೊದಲ ಸೈಲೀಸಿಯಾ ಯುದ್ಧದ ಹೊತ್ತಿಗೆ, ಅವನು ನಾಟ್ಸ್‌ಮರ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ಉಲಾನ್ ರೆಜಿಮೆಂಟನ್ನು ಕಟ್ಟಿಸಿದ. ಭರ್ಜಿಯಲ್ಲಿ ತಕ್ಕ ಅಭ್ಯಾಸವಿಲ್ಲದ ಆ ಸವಾರರು ಆಸ್ಟ್ರಿಯಾದ ಹುಸಾರ್‌ಗಳ ಎದುರು ನಿಲ್ಲಲಾಗದೆ ಪೆಟ್ಟು ತಿಂದರು. 1742ರಲ್ಲಿ ಭರ್ಜಿಯನ್ನು ಕಿತ್ತುಕೊಂಡು ಅವರನ್ನೇ ಕತ್ತಿ ಹಿಡಿಯುವ ಹಗುರ ಹುಸಾರ್‌ಗಳನ್ನಾಗಿ ಮಾರ್ಪಡಿಸಲಾಯಿತು. ಮರುವರ್ಷವೇ, 1743ರಲ್ಲಿ, ಫ್ರಾನ್ಸಿನ ಸೇವೆಯಲ್ಲಿದ್ದ ಮಾರಿಸ್ ದ ಸಾಕ್ಸ್ ಬೇರೆ ದಾರಿ ಹಿಡಿದ. ಅವನು ಪೋಲೆಂಡಿನ ದೊರೆ ಎರಡನೆಯ ಆಗಸ್ಟಸ್‌ನ ಮಗ, ಆದ್ದರಿಂದ ಪೋಲಿಶ್ ಮತ್ತು ತಾತಾರ್ ರಾವುತರನ್ನು ಹತ್ತಿರದಿಂದ ಬಲ್ಲವನು. ತನ್ನ ಹೆಸರಿನ ಸ್ವಯಂಸೇವಕ ರೆಜಿಮೆಂಟಿಗೆ ಅವನು ಭರ್ಜಿಯನ್ನಷ್ಟೇ ತರಲಿಲ್ಲ, ಭರ್ಜಿ ಹಿಡಿಯಬಲ್ಲ ಪೂರ್ವದ ಜನರನ್ನೂ ಕರೆತಂದ. ಆ ರೆಜಿಮೆಂಟು ಅವನಿರುವವರೆಗೆ ಚೆನ್ನಾಗಿಯೇ ನಡೆಯಿತು. 1750ರಲ್ಲಿ ಅವನು ತೀರಿಕೊಂಡ ಮೇಲೆ ಅದು ಬೇರೆಯವನ ಹೆಸರಿನ ಡ್ರಗೂನ್ ದಳವಾಯಿತು, ಅಂದರೆ ಕತ್ತಿ ಬಂದೂಕುಗಳ ಕುದುರೆಪಡೆಯಾಯಿತು, ಭರ್ಜಿ ಬಿಟ್ಟುಹೋಯಿತು. ಈ ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಮನವರಿಕೆಯಾಗುವುದು ಒಂದೇ: ಈ ಆಯುಧ ಮನುಷ್ಯನನ್ನು ಬಿಟ್ಟು ಗಡಿ ದಾಟುವಂಥದ್ದಾಗಿರಲಿಲ್ಲ. ಅದು ಯುರೋಪಿನಲ್ಲಿ ನಿಜವಾಗಿ ಹರಡಬೇಕಾದರೆ ಸಾವಿರಾರು ಪೋಲಿಶ್ ಮತ್ತು ತಾತಾರ್ ಸವಾರರು ಪರರಾಜ್ಯಗಳ ಸೇವೆಗೆ ಹೋಗಬೇಕಿತ್ತು. ಆ ಸನ್ನಿವೇಶವನ್ನು ಒದಗಿಸಿದ್ದು ಪೋಲೆಂಡಿನ ದುರಂತ.

1772, 1793 ಮತ್ತು 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಮೂರು ಕಂತುಗಳಲ್ಲಿ ಹಂಚಿಕೊಂಡವು. ಮೂರನೆಯ ಕಂತಿಗೆ ಆ ರಾಜ್ಯ ಭೂಪಟದಿಂದಲೇ ಅಳಿಸಿಹೋಯಿತು. ನೆಲ ಹಂಚಿಕೊಂಡವರಿಗೆ ಆ ನೆಲದ ರಾವುತರೂ ಸಿಕ್ಕರು. ಆಸ್ಟ್ರಿಯಾದ ಎರಡನೆಯ ಜೋಸೆಫ್ 1784ರಲ್ಲಿ, ತನ್ನ ಪಾಲಿಗೆ ಬಂದ ಗಲೀಸಿಯಾದಲ್ಲಿ ಉಲಾನ್ ದಳವೊಂದನ್ನು ಕಟ್ಟಿದ. 1791ರಲ್ಲಿ ಅಲ್ಲಿಯ ಮೊದಲ ಉಲಾನ್ ರೆಜಿಮೆಂಟ್ ರೂಪುಗೊಂಡಿತು. ಪ್ರಷ್ಯಾದಲ್ಲಿ 1745ರಿಂದಲೂ ಬಾಸ್ನಿಯಾಕ್ ಎಂಬ ಹೆಸರಿನ ಸಣ್ಣ ಭರ್ಜಿದಳವೊಂದು ಕಪ್ಪು ಹುಸಾರ್‌ಗಳ ಜೊತೆ ಅಂಟಿಕೊಂಡಿತ್ತು. ಮೂರನೆಯ ವಿಭಜನೆಯ ನಂತರ ಅದನ್ನು ಹೊಸ ಪೋಲಿಶ್ ಪ್ರಜೆಗಳಿಂದ ಹಿಗ್ಗಿಸಿ, ಪೋಲಿಶ್ ಭಾಷೆಯ ತೊವಾಝಿಶ್, ಅಂದರೆ ಸಂಗಾತಿ, ಎಂಬ ಮಾತಿನಿಂದಲೇ ಹೆಸರಿಟ್ಟರು. ಹಳೆಯ ಪೋಲಿಶ್ ಪದ್ಧತಿಯಲ್ಲಿ ಸಂಗಾತಿಯೆಂದರೆ ತನ್ನ ಖರ್ಚಿನಲ್ಲಿ ಆಳುಕಾಳುಗಳೊಂದಿಗೆ ಪಡೆಗೆ ಬರುತ್ತಿದ್ದ ಕುಲೀನ ಸವಾರ. 1808ರಲ್ಲಿ ಈ ದಳದಿಂದಲೇ ಪ್ರಷ್ಯಾದ ಮೊದಲ ಎರಡು ಉಲಾನ್ ರೆಜಿಮೆಂಟುಗಳು ಹುಟ್ಟಿದವು. ರಷ್ಯಾದಲ್ಲಿ ಕೊಸಾಕ್‌ಗಳು ತಮ್ಮದೇ ಪರಂಪರೆಯ ಪತಾಕೆಯಿಲ್ಲದ ಭರ್ಜಿಯನ್ನು ಮೊದಲಿನಿಂದಲೂ ಹಿಡಿದವರು. ಅವರ ಜೊತೆಗೆ 1797ರಲ್ಲಿ ಪೋಲಿಶ್ ಮತ್ತು ಲಿಥುವೇನಿಯಾ-ತಾತಾರ್ ಕುದುರೆ ರೆಜಿಮೆಂಟುಗಳು ಬಂದವು, 1803ರಲ್ಲಿ ಮೊದಲ ಬಾರಿಗೆ ಉಲಾನ್ ಎಂಬ ಹೆಸರಿನ ರೆಜಿಮೆಂಟ್ ಬಂತು.

ನಾಲ್ಕನೆಯ ದಾರಿ ಫ್ರಾನ್ಸಿಗೆ ಹೋಯಿತು. ದೇಶವಿಲ್ಲದ ಪೋಲಿಶ್ ಸೈನಿಕರು ತಮ್ಮ ನಾಡನ್ನು ಫ್ರಾನ್ಸ್ ಮರಳಿ ಎತ್ತಿನಿಲ್ಲಿಸೀತೆಂಬ ಆಸೆಯಿಂದ 1797ರಲ್ಲಿ ಇಟಲಿಯಲ್ಲಿ ದೊಂಬ್ರೊವ್‌ಸ್ಕಿಯ ನೇತೃತ್ವದ ದಳಗಳಲ್ಲಿ ಸೇರಿದರು. 1799ರಲ್ಲಿ ಕಟ್ಟಿದ ಡ್ಯಾನ್ಯೂಬ್ ದಳದ ಉಲಾನರೇ ಮುಂದೆ ವಿಸ್ಚುಲಾ ಲ್ಯಾನ್ಸರ್‌ಗಳೆಂದು ಹೆಸರಾದರು. 1807ರಲ್ಲಿ ನೆಪೋಲಿಯನ್ ತನ್ನ ಗಾರ್ಡ್ ಪಡೆಗೆ ಪೋಲಿಶ್ ಹಗುರ ಕುದುರೆ ರೆಜಿಮೆಂಟೊಂದನ್ನು ಸೇರಿಸಿಕೊಂಡ. ಅದರ ಮುಖ್ಯಸ್ಥ ವಿನ್ಸೆಂಟಿ ಕ್ರಾಸಿನ್‌ಸ್ಕಿ. ಈ ಗಾರ್ಡ್ ರೆಜಿಮೆಂಟಿನ ಅತ್ಯಂತ ಹೆಸರಾಂತ ದಾಳಿ ಸ್ಪೇನಿನ ಸೊಮೊಸಿಯೆರ್ರಾ ಕಣಿವೆಯಲ್ಲಿ 1808ರ ನವೆಂಬರ್ 30ರಂದು ನಡೆಯಿತು. ಸುಮಾರು 125 ಜನರ ಒಂದು ತುಕಡಿ, ಕೊಝಿಯೆತುಲ್‌ಸ್ಕಿಯ ನೇತೃತ್ವದಲ್ಲಿ, ಇಕ್ಕಟ್ಟಾದ ಘಟ್ಟದ ರಸ್ತೆಯಲ್ಲಿ ಸಾಲಾಗಿ ಇಟ್ಟಿದ್ದ ಸ್ಪ್ಯಾನಿಶ್ ತೋಪುಗಳ ಮೇಲೆ ನುಗ್ಗಿತು. ಚಿತ್ರಗಳಲ್ಲಿ ಆ ದಾಳಿಯನ್ನು ಭರ್ಜಿಗಳೊಂದಿಗೆ ತೋರಿಸುವುದುಂಟು, ಆದರೆ ಅಂದು ಅವರ ಕೈಯಲ್ಲಿದ್ದದ್ದು ಬಾಗುಕತ್ತಿ. ಗಾರ್ಡ್ ಪಡೆಯ ಪೋಲರಿಗೆ ಭರ್ಜಿ ಸಿಕ್ಕಿದ್ದು 1809ರಲ್ಲಿ, ವಾಗ್ರಾಮ್ ಕಾಳಗದ ನಂತರ. ಆ ಕಾಳಗದಲ್ಲಿ ಅವರು ಆಸ್ಟ್ರಿಯಾದ ಶ್ವಾರ್ಟ್ಸೆನ್‌ಬರ್ಗ್ ಉಲಾನರ ಮೇಲೆ ಬಿದ್ದು ಭರ್ಜಿಗಳನ್ನು ಕಸಿದುಕೊಂಡು ಅವುಗಳಿಂದಲೇ ಹೋರಾಡಿದರೆಂದು ರೆಜಿಮೆಂಟಿನ ಪರಂಪರೆ ಹೇಳುತ್ತದೆ. ಆ ಆಸ್ಟ್ರಿಯನ್ ಉಲಾನರನ್ನು ಮುಖ್ಯವಾಗಿ ಗಲೀಸಿಯಾದಿಂದಲೇ ಆರಿಸುತ್ತಿದ್ದರು ಎಂಬುದನ್ನು ನೆನೆದರೆ, ಪರರ ಎರಡು ಬಾವುಟಗಳ ಕೆಳಗೆ ಒಂದೇ ನಾಡಿನ ಮಕ್ಕಳು ಅಜ್ಜಂದಿರ ಆಯುಧವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದ ಆ ದೃಶ್ಯ ಮನಸ್ಸನ್ನು ಕಲಕುತ್ತದೆ.

ಭರ್ಜಿಯ ಭಯವನ್ನು ಪಶ್ಚಿಮಕ್ಕೆ ಮುಟ್ಟಿಸಿದ ದಿನ 1811ರ ಮೇ 16. ಸ್ಪೇನಿನ ಅಲ್ಬುವೆರಾದಲ್ಲಿ ಬ್ರಿಟಿಷ್ ಸೇನಾನಿ ಬೆರೆಸ್‌ಫರ್ಡ್ ಮತ್ತು ಫ್ರೆಂಚ್ ಮಾರ್ಷಲ್ ಸೂಲ್ಟ್‌ನ ಸೈನ್ಯಗಳು ಸೆಣಸುತ್ತಿದ್ದಾಗ, ಕೋಲ್‌ಬೋರ್ನ್‌ನ ಕಾಲಾಳು ಬ್ರಿಗೇಡ್ ಸಾಲಾಗಿ ಹರಡಿಕೊಂಡು ಫ್ರೆಂಚರ ಪಕ್ಕೆಯ ಮೇಲೆ ಗುಂಡು ಹಾರಿಸುತ್ತಿತ್ತು. ಅದೇ ಹೊತ್ತಿಗೆ ಆಲಿಕಲ್ಲು ಸಹಿತ ಜೋರುಮಳೆ ಸುರಿಯಿತು. ಬಂದೂಕಿನ ಮದ್ದು ಒದ್ದೆಯಾಯಿತು, ಕಣ್ಣಿಗೆ ಏನೂ ಕಾಣದಾಯಿತು. ಆ ಮಬ್ಬಿನಿಂದ ವಿಸ್ಚುಲಾ ಲ್ಯಾನ್ಸರ್‌ಗಳು ಮತ್ತು ಫ್ರೆಂಚ್ ಹುಸಾರ್‌ಗಳು ಬ್ರಿಗೇಡಿನ ಬೆನ್ನಿಗೆ ಬಂದೆರಗಿದರು. ಕೆಲವೇ ನಿಮಿಷಗಳಲ್ಲಿ ಮೂರು ಬೆಟಾಲಿಯನ್‌ಗಳು ಇಲ್ಲವಾದವು. ಬಫ್ಸ್ ಎಂದು ಕರೆಯುವ 3ನೆಯ ರೆಜಿಮೆಂಟೊಂದೇ ಆ ದಿನ ಸುಮಾರು 750 ಜನರಲ್ಲಿ 640ಕ್ಕೂ ಹೆಚ್ಚು ಮಂದಿಯನ್ನು ಸಾವು, ಗಾಯ ಮತ್ತು ಸೆರೆಯಲ್ಲಿ ಕಳೆದುಕೊಂಡಿತು. ಆದರೆ ಅದೇ ಬ್ರಿಗೇಡಿನ ನಾಲ್ಕನೆಯ ಬೆಟಾಲಿಯನ್, 31ನೆಯ ರೆಜಿಮೆಂಟಿನದು, ಇನ್ನೂ ಸಾಲಾಗಿ ಹರಡಿರಲಿಲ್ಲ. ಅದು ನಾಲ್ಕೂ ಕಡೆಗೆ ಮುಖಮಾಡಿ ನಿಲ್ಲುವ ಚೌಕವ್ಯೂಹ ಕಟ್ಟಿತು, ಉಳಿದುಕೊಂಡಿತು. ಅಲ್ಬುವೆರಾವನ್ನು ಭರ್ಜಿಯ ಗೆಲುವೆಂದು ಹೊಗಳುವವರು ಈ ಕೊನೆಯ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಮಳೆ, ತಪ್ಪಾದ ವ್ಯೂಹ ಮತ್ತು ಕಾಣದ ದಿಕ್ಕಿನಿಂದ ಬಂದ ದಾಳಿ ಕೂಡಿದ್ದರಿಂದ ಬ್ರಿಗೇಡ್ ಒಡೆಯಿತು. ಒಡೆದ ಮೇಲೆ ಓಡುವವರನ್ನೂ ನೆಲಕ್ಕೆ ಬಿದ್ದವರನ್ನೂ ಭರ್ಜಿ ಬಿಡಲಿಲ್ಲ. ಸಾವಿನ ಸಂಖ್ಯೆ ಅಷ್ಟು ಏರಿದ್ದು ಅದರಿಂದ.

ಒಂದು ತಿಂಗಳಾದ ಮೇಲೆ, 1811ರ ಜೂನ್ 18ರಂದು, ನೆಪೋಲಿಯನ್ ಒಂಬತ್ತು ಲ್ಯಾನ್ಸರ್ ರೆಜಿಮೆಂಟುಗಳಿಗೆ ಆಜ್ಞೆ ಹೊರಡಿಸಿದ. ಆರು ರೆಜಿಮೆಂಟುಗಳು ಫ್ರೆಂಚ್ ಡ್ರಗೂನ್‌ಗಳಿಂದ ಬದಲಾದವು, ಎರಡು ವಿಸ್ಚುಲಾ ಲ್ಯಾನ್ಸರ್‌ಗಳಿಂದ ಬಂದವು, ಒಂದು ಹಗುರ ಕುದುರೆಯ ಶಾಸರ್ ದಳದಿಂದ ಬಂತು. ಅಲ್ಬುವೆರಾದ ಸುದ್ದಿಯೊಂದೇ ಇದಕ್ಕೆ ಕಾರಣವೆನ್ನುವುದು ಅವಸರದ ಮಾತಾದೀತು, ಏಕೆಂದರೆ ಹಾಲೆಂಡನ್ನು ಸೇರಿಸಿಕೊಂಡ 1810ರಲ್ಲೇ ಅಲ್ಲಿಯ ರಾಜನ ಹುಸಾರ್‌ಗಳನ್ನು ಅವನು ತನ್ನ ಗಾರ್ಡ್ ಪಡೆಯ ಎರಡನೆಯ ಲ್ಯಾನ್ಸರ್ ರೆಜಿಮೆಂಟಾಗಿ ಮಾರ್ಪಡಿಸಿದ್ದ. ಕೆಂಪು ಲ್ಯಾನ್ಸರ್‌ಗಳು ಎಂದು ಹೆಸರಾದವರು ಅವರೇ. ರಷ್ಯಾದ ಮೇಲಿನ ದಂಡಯಾತ್ರೆ ಹತ್ತಿರವಾಗುತ್ತಿತ್ತು, ಅಲ್ಲಿ ಕೊಸಾಕ್‌ಗಳ ಭರ್ಜಿಗೆ ಎದುರು ನಿಲ್ಲುವ ರಾವುತರು ಬೇಕಾಗಿದ್ದರು. ಹಳ್ಳಿಯಿಂದ ಬಂದ ಫ್ರೆಂಚ್ ಹುಡುಗನಿಗೆ ಭರ್ಜಿ ಕಲಿಸುವುದು ಮಾತ್ರ ಸುಲಭವಾಗಿರಲಿಲ್ಲ. ಪೋಲಿಶ್ ರಾವುತರನ್ನೇ ಶಿಕ್ಷಕರನ್ನಾಗಿ ಕಳಿಸಬೇಕಾಯಿತು. ಕ್ರಾಸಿನ್‌ಸ್ಕಿ ಭರ್ಜಿ ಬಳಸುವ ಬಗೆಯನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ಕೈಪಿಡಿ ಬರೆದ. ಅನುಭವದಿಂದ ಇನ್ನೊಂದು ಏರ್ಪಾಡು ಮೂಡಿತು: ಮುಂದಿನ ಸಾಲಿನವರಿಗೆ ಭರ್ಜಿ, ಹಿಂದಿನ ಸಾಲಿನವರಿಗೆ ಕತ್ತಿ ಮತ್ತು ಗಿಡ್ಡ ಬಂದೂಕು. ಮೊದಲ ಹೊಡೆತದ ನಂತರ ಗುಂಪು ಬೆರೆತಾಗ ಭರ್ಜಿಯವನ ಬೆನ್ನನ್ನು ಕತ್ತಿಯವನು ಕಾಯಬೇಕು ಎಂಬುದು ಅದರ ಲೆಕ್ಕ.

ಭರ್ಜಿ ಮೇಲೋ ಕತ್ತಿ ಮೇಲೋ ಎಂಬ ವಾದ ಆ ಕಾಲದ ಕುದುರೆಪಡೆಯ ಅಧಿಕಾರಿಗಳಲ್ಲಿ ಮುಗಿಯಲೇ ಇಲ್ಲ. 1815ರ ಜೂನ್ 17ರಂದು, ವಾಟರ್‌ಲೂ ಕಾಳಗದ ಹಿಂದಿನ ದಿನ, ಬೆಲ್ಜಿಯಮ್ಮಿನ ಜೆನಾಪ್ ಎಂಬ ಊರಿನ ಬೀದಿಯಲ್ಲಿ ನಡೆದ ಘಟನೆ ಈ ವಾದದ ಎರಡೂ ಮುಖಗಳನ್ನು ತೋರಿಸುತ್ತದೆ. ಫ್ರೆಂಚ್ ಲ್ಯಾನ್ಸರ್‌ಗಳು ಮನೆಗಳ ಸಾಲಿನ ನಡುವೆ ಒತ್ತಾಗಿ ನಿಂತು ಭರ್ಜಿಗಳನ್ನು ಚಾಚಿದರು. ಬ್ರಿಟನ್ನಿನ 7ನೆಯ ಹುಸಾರ್‌ಗಳು ಕತ್ತಿ ಹಿಡಿದು ನುಗ್ಗಿದರೂ ಆ ಮೊನೆಗಳ ಗೋಡೆಯನ್ನು ದಾಟಲಾಗಲಿಲ್ಲ. ಪಕ್ಕೆಗಳು ಮನೆಗಳಿಂದ ಮುಚ್ಚಿದ್ದವು, ಸುತ್ತುಹಾಕಿ ಬರಲು ದಾರಿಯಿರಲಿಲ್ಲ. ಆಮೇಲೆ ಅದೇ ಲ್ಯಾನ್ಸರ್‌ಗಳು ಗೆದ್ದ ಹುಮ್ಮಸ್ಸಿನಲ್ಲಿ ಬೀದಿ ಬಿಟ್ಟು ಹೊರಗೆ ಬಂದಾಗ, ದೊಡ್ಡ ಕುದುರೆಗಳ ಬ್ರಿಟಿಷ್ ರಾವುತರಾದ ಲೈಫ್ ಗಾರ್ಡ್ಸ್ ಅವರ ಮೇಲೆ ಬಿದ್ದು ಹಿಂದಕ್ಕಟ್ಟಿದರು. ಒತ್ತಾದ ಸಾಲಿನಲ್ಲಿ, ಪಕ್ಕೆ ಭದ್ರವಾಗಿರುವಾಗ ಭರ್ಜಿಗೆ ಸಾಟಿಯಿಲ್ಲ; ಮೊನೆಯನ್ನು ಸರಿಸಿ ಕತ್ತಿಯವನು ಒಳನುಗ್ಗಿದ ಮೇಲೆ ಉದ್ದವೇ ಅದರ ಶತ್ರು.

ಮಳೆಯ ದಿನಗಳಲ್ಲಿ ಈ ಲೆಕ್ಕ ಕಾಲಾಳುಗಳ ವಿರುದ್ಧವೂ ಭರ್ಜಿಯ ಕಡೆಗೆ ವಾಲುತ್ತಿತ್ತು. 1813ರ ಆಗಸ್ಟ್ 27ರಂದು ಡ್ರೆಸ್ಡೆನ್ ಬಳಿ ಸತತ ಮಳೆಯಿಂದ ಆಸ್ಟ್ರಿಯನ್ನರ ಬಂದೂಕುಗಳು ಹಾರಲಿಲ್ಲ. ಆದರೂ ಚೌಕವ್ಯೂಹದ ಬಯೋನೆಟ್ ಬೇಲಿಯನ್ನು ಕ್ಯುರಾಸಿಯರ್‌ಗಳ ಕತ್ತಿ ತಲುಪಲಿಲ್ಲ. ಲ್ಯಾನ್ಸರ್‌ಗಳು ಬಯೋನೆಟ್‌ಗಿಂತ ಉದ್ದವಾದ ಭರ್ಜಿಯಿಂದ ಮುಂದಿನ ಸಾಲಿನವರನ್ನು ತಿವಿದು ಬಿರುಕು ಮಾಡಿಕೊಟ್ಟರು, ಆ ಬಿರುಕಿನಲ್ಲಿ ಕ್ಯುರಾಸಿಯರ್‌ಗಳು ನುಗ್ಗಿದರು. ವಾಟರ್‌ಲೂ ಕಾಳಗದಲ್ಲಿ ಬ್ರಿಟಿಷರ ಯೂನಿಯನ್ ಬ್ರಿಗೇಡ್ ತನ್ನ ದಾಳಿಯ ಆವೇಶದಲ್ಲಿ ಚದುರಿ ಕುದುರೆಗಳು ದಣಿದು ನಿಂತಿದ್ದಾಗ, ಫ್ರೆಂಚ್ ಸೇನಾನಿ ಜಾಕಿನೋನ ಲ್ಯಾನ್ಸರ್‌ಗಳು ಪಕ್ಕದಿಂದ ಬಂದು ಕಡಿದುಹಾಕಿದರು; ಬ್ರಿಗೇಡಿನ ಮುಖ್ಯಸ್ಥ ಸರ್ ವಿಲಿಯಂ ಪೊನ್ಸನ್‌ಬಿ ಅಲ್ಲಿಯೇ ಸತ್ತ. ಅದೇ ಮನೆತನದ ಫ್ರೆಡರಿಕ್ ಪೊನ್ಸನ್‌ಬಿ ಗಾಯಗೊಂಡು ನೆಲದ ಮೇಲೆ ಬಿದ್ದಿದ್ದಾಗ ಹಾದುಹೋಗುತ್ತಿದ್ದ ಲ್ಯಾನ್ಸರ್ ಒಬ್ಬ ಅವನ ಬೆನ್ನಿಗೆ ಭರ್ಜಿ ಚುಚ್ಚಿದ. ಅವನು ಬದುಕುಳಿದು ಮುಂದೆ ಮಾಲ್ಟಾದ ಗವರ್ನರ್ ಆದ.

ಮರುವರ್ಷವೇ, 1816ರಲ್ಲಿ, ಬ್ರಿಟನ್ ತನ್ನ ಹಗುರ ಡ್ರಗೂನ್ ರೆಜಿಮೆಂಟುಗಳಲ್ಲಿ 9, 12, 16 ಮತ್ತು 23ನೆಯವನ್ನು ಲ್ಯಾನ್ಸರ್‌ಗಳಾಗಿ ಬದಲಿಸಿತು. 17ನೆಯದು 1822ರಲ್ಲಿ ಈ ಸಾಲಿಗೆ ಸೇರಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬ್ರಿಟಿಷರು ಭರ್ಜಿಯ ಜೊತೆಗೆ ಪೋಲಿಶ್ ಉಡುಪನ್ನೂ ತಂದುಕೊಂಡರು: ನಾಲ್ಕು ಮೂಲೆಯ ಚಪ್ಪಟೆ ತಲೆಯ ಚಾಪ್ಕಾ ಟೋಪಿ, ಎದೆಯ ಮೇಲೆ ಬೇರೆ ಬಣ್ಣದ ಅಗಲ ಪಟ್ಟಿಯಿರುವ ಕುರ್ತ್ಕಾ ಅಂಗಿ, ಎರಡು ನಾಲಗೆಯ ಪತಾಕೆ. ಪೋಲೆಂಡಿನ ರೈತರು ಮತ್ತು ಸೈನಿಕರು ಹಾಕುತ್ತಿದ್ದ ಟೋಪಿಯಿಂದ ಬೆಳೆದ ಆ ಚಾಪ್ಕಾವನ್ನು ಪ್ಯಾರಿಸ್, ವಿಯೆನ್ನಾ, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಲಂಡನ್ ಎಲ್ಲ ಕಡೆಯ ಲ್ಯಾನ್ಸರ್‌ಗಳು ತಲೆಗೇರಿಸಿದರು. ಪೋಲೆಂಡ್ ಎಂಬ ರಾಜ್ಯವೇ ಇಲ್ಲದ ಆ 19ನೆಯ ಶತಮಾನದಲ್ಲಿ ಪೋಲೆಂಡಿನ ಗುರುತು ಯುರೋಪಿನ ಕವಾಯತು ಮೈದಾನಗಳಲ್ಲೆಲ್ಲ ಕಾಣುತ್ತಿತ್ತು.

ಬ್ರಿಟಿಷ್ ಲ್ಯಾನ್ಸರ್‌ಗಳ ಹೆಸರು ಬೆಳೆದದ್ದು ಮಾತ್ರ ಯುರೋಪಿನಲ್ಲಲ್ಲ, ಭಾರತದಲ್ಲಿ. 1846ರ ಜನವರಿ 28ರಂದು ಪಂಜಾಬಿನ ಅಲಿವಾಲ್‌ನಲ್ಲಿ 16ನೆಯ ಲ್ಯಾನ್ಸರ್‌ಗಳು ಸಿಖ್ ಕಾಲಾಳುಗಳ ವ್ಯೂಹವನ್ನು ಒಡೆದು ಹೊಕ್ಕರು. ರಕ್ತ ಒಣಗಿ ಪತಾಕೆಗಳು ಸುಕ್ಕುಗಟ್ಟಿದ್ದರ ನೆನಪಿಗಾಗಿ ಆ ರೆಜಿಮೆಂಟ್ ಪತಾಕೆಗಳನ್ನು ಮಡಿಕೆ ಮಡಿಕೆಯಾಗಿ ಗಂಜಿಹಾಕಿಡುವ ಪದ್ಧತಿ ಬೆಳೆಸಿಕೊಂಡಿತು. ಭರ್ಜಿಗೆ ಆಷ್ ಮರದ ಬದಲು ಭಾರತದ ಗಟ್ಟಿ ಬಿದಿರು ಬಂದದ್ದೂ ಈ ನಂಟಿನಿಂದ. ಭರ್ಜಿಯ ಕುದುರೆಪಡೆಗೆ ಭಾರತದಲ್ಲಿ ತನ್ನದೇ ಹಳೆಯ ಪರಂಪರೆ ಇತ್ತು, ಆದರೆ ಲ್ಯಾನ್ಸರ್ ಎಂಬ ಹೆಸರು ಮತ್ತು ಸಂಘಟನೆ ಬಂದದ್ದು ಈ ಯುರೋಪಿಯನ್ ದಾರಿಯಲ್ಲಿ. ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಈ ಹೆಸರನ್ನು ಹೊತ್ತ ಪಡೆ. ಅದರ ರಾವುತರು 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರ ಲ್ಯಾನ್ಸರ್‌ಗಳ ಜೊತೆಗೂಡಿ ಹೈಫಾ ನಗರವನ್ನು ಹಿಡಿದರು. ಮೈಸೂರಿನ ತುಕಡಿ ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿಯ ತೋಪುಗಳ ಮೇಲೆ ಬಿದ್ದಿತು, ಜೋಧ್‌ಪುರದವರು ಕೆಳಗಿನಿಂದ ನಗರಕ್ಕೆ ನುಗ್ಗಿದರು. ಆ ದಿನ 1,350 ಮಂದಿ ಸೆರೆಸಿಕ್ಕರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರ ಪ್ರತಿಮೆಗಳು ಮೈಸೂರು, ಜೋಧ್‌ಪುರ ಮತ್ತು ಹೈದರಾಬಾದ್ ಲ್ಯಾನ್ಸರ್‌ಗಳನ್ನು ಪ್ರತಿನಿಧಿಸುತ್ತವೆ.

ಯುರೋಪಿಗೆ ಮರಳೋಣ. ಪ್ರಷ್ಯಾ 1813ರಲ್ಲಿ ತರಾತುರಿಯಲ್ಲಿ ಕಟ್ಟಿದ ಲಾಂಡ್‌ವೇರ್ ನಾಗರಿಕ ಪಡೆಯ ಕುದುರೆ ಸವಾರರಿಗೆ ಭರ್ಜಿಯನ್ನೇ ಕೊಟ್ಟಿತ್ತು, ಏಕೆಂದರೆ ಕೋಲು ಮತ್ತು ಕಬ್ಬಿಣದ ಮೊನೆ ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಅತಿ ಹೆಚ್ಚಿನ ಅಭ್ಯಾಸ ಬೇಡುವ ಆಯುಧವನ್ನು ಅತಿ ಕಡಿಮೆ ಅಭ್ಯಾಸವಿರುವವರಿಗೆ ಕೊಟ್ಟದ್ದು ಬಡತನದ ಒತ್ತಾಯದಿಂದ. 1870ರ ಹೊತ್ತಿಗೆ ಪ್ರಷ್ಯಾದ ಉಲಾನರು ಬೇರೆಯೇ ಮಟ್ಟದವರಾಗಿದ್ದರು. ಫ್ರಾನ್ಸಿನ ಮೇಲೆ ದಂಡೆತ್ತಿದ ಜರ್ಮನ್ ಸೈನ್ಯಗಳ ಮುಂದೆ ಸಣ್ಣ ಸಣ್ಣ ಗುಂಪುಗಳಾಗಿ ಹಳ್ಳಿಗಳೊಳಗೆ ಬಂದು ಸುದ್ದಿ ಕಲೆಹಾಕುತ್ತಿದ್ದ ಅವರು ಎಷ್ಟು ದಿಗಿಲು ಹುಟ್ಟಿಸಿದರೆಂದರೆ, ಫ್ರೆಂಚ್ ಜನರ ಬಾಯಲ್ಲಿ ಜರ್ಮನ್ ರಾವುತನೆಂದರೆ ಉಲಾನ್ ಎಂದೇ ಆಯಿತು. 1870ರ ಆಗಸ್ಟ್ 16ರಂದು ಮಾರ್ಸ್-ಲಾ-ಟೂರ್ ಬಳಿ ಬ್ರೆಡೋವ್‌ನ ಬ್ರಿಗೇಡ್, 7ನೆಯ ಕ್ಯುರಾಸಿಯರ್ ಮತ್ತು 16ನೆಯ ಉಲಾನ್ ರೆಜಿಮೆಂಟುಗಳ ಸುಮಾರು 800 ಸವಾರರು, ಫ್ರೆಂಚ್ ತೋಪುಗಳ ಸಾಲನ್ನು ಭೇದಿಸಿ ಹಾದರು. ಅರ್ಧಕ್ಕೆ ಹತ್ತಿರದಷ್ಟು ಮಂದಿ ಹಿಂತಿರುಗಲಿಲ್ಲ. ಗುಂಡಿನ ಮಳೆಯಲ್ಲೂ ಕುದುರೆ ದಾಳಿ ಸಾಧ್ಯ ಎಂಬುದಕ್ಕೆ ಈ ಒಂದು ದಾಳಿಯನ್ನು ಮುಂದಿನ ನಾಲ್ಕು ದಶಕ ಜನರಲ್‌ಗಳು ಸಾಕ್ಷಿಯಾಗಿ ಎತ್ತಿ ತೋರಿಸಿದರು. ಅದೊಂದು ಅಪರೂಪದ ದಿನ, ನೆಲದ ಏರುತಗ್ಗು ಮತ್ತು ಹೊಗೆ ಸವಾರರನ್ನು ಕೊನೆಯ ಗಳಿಗೆಯವರೆಗೆ ಮರೆಮಾಡಿತ್ತು ಎಂಬುದನ್ನು ಅವರು ತೂಗಿನೋಡಬೇಕಿತ್ತು. ಆಸ್ಟ್ರಿಯಾ 1884ರಲ್ಲಿ ತನ್ನ ಉಲಾನರಿಂದಲೇ ಭರ್ಜಿಯನ್ನು ಹಿಂತೆಗೆದುಕೊಂಡಿತು; ಜರ್ಮನಿ ಅದೇ ದಶಕದ ಕೊನೆಯಲ್ಲಿ ಎಲ್ಲರಿಗೂ ಹಂಚಿತು. ಒಂದೇ ಅನುಭವವನ್ನು ಓದಿ ಎರಡು ಸೈನ್ಯಗಳು ತದ್ವಿರುದ್ಧ ತೀರ್ಮಾನಕ್ಕೆ ಬಂದವು.

1914ರ ಆಗಸ್ಟ್ 12ರಂದು ಬೆಲ್ಜಿಯಮ್ಮಿನ ಹಾಲೆನ್‌ನಲ್ಲಿ ಆ ತೀರ್ಮಾನದ ಪರೀಕ್ಷೆ ನಡೆಯಿತು. ಕುದುರೆಯಿಂದಿಳಿದು ಬಂದೂಕು ಹಿಡಿದು ಕುಳಿತ ಬೆಲ್ಜಿಯನ್ ಸೈನಿಕರ ಮೇಲೆ ಜರ್ಮನ್ ಕುದುರೆಪಡೆ ಮತ್ತೆ ಮತ್ತೆ ನುಗ್ಗಿ, ಬೇಲಿಗಳಲ್ಲಿ ಸಿಕ್ಕಿ, ಗುಂಡಿಗೆ ಉರುಳಿತು. ಸೆಪ್ಟೆಂಬರ್ 7ರಂದು ಫ್ರಾನ್ಸಿನ ಮೊನ್ಸೆಲ್‌ನಲ್ಲಿ ಬ್ರಿಟನ್ನಿನ 9ನೆಯ ಲ್ಯಾನ್ಸರ್‌ಗಳ ಸಣ್ಣ ಗುಂಪೊಂದು ಪ್ರಷ್ಯಾದ ಗಾರ್ಡ್ ಡ್ರಗೂನ್‌ಗಳೊಂದಿಗೆ ಭರ್ಜಿಗೆ ಭರ್ಜಿ ಒಡ್ಡಿ ಸೆಣಸಿತು. ಪಶ್ಚಿಮ ರಂಗದಲ್ಲಿ ಅಂಥದ್ದು ಬಹುಶಃ ಮತ್ತೆ ಕಾಣಲಿಲ್ಲ. ಕಂದಕಗಳು ತೋಡಿದ ಮೇಲೆ ರಾವುತರು ಕುದುರೆಯಿಂದಿಳಿದರು. 1920ರ ದಶಕದ ಕೊನೆಗೆ ಜರ್ಮನಿ ಮತ್ತು ಬ್ರಿಟನ್ ಎರಡೂ ಯುದ್ಧದ ಆಯುಧಗಳ ಪಟ್ಟಿಯಿಂದ ಭರ್ಜಿಯನ್ನು ತೆಗೆದುಹಾಕಿದವು, ಮೆರವಣಿಗೆಗೆ ಮಾತ್ರ ಉಳಿಸಿಕೊಂಡವು.

1918ರಲ್ಲಿ ಮರುಹುಟ್ಟಿದ ಪೋಲೆಂಡ್ ಮಾತ್ರ ತನ್ನ ಉಲಾನ್ ರೆಜಿಮೆಂಟುಗಳನ್ನು ಪ್ರೀತಿಯಿಂದ ಸಾಕಿಕೊಂಡಿತು. 1930ರ ದಶಕದ ನಡುವೆ ಅಲ್ಲಿಯೂ ಭರ್ಜಿಯನ್ನು ಯುದ್ಧದ ಬಳಕೆಯಿಂದ ತೆಗೆದರು. 1939ರ ಸೆಪ್ಟೆಂಬರ್ 1ರ ಸಂಜೆ ಕ್ರೊಯಾಂತಿ ಹಳ್ಳಿಯ ಬಳಿ 18ನೆಯ ಪೊಮೆರೇನಿಯಾ ಉಲಾನ್ ರೆಜಿಮೆಂಟಿನ ಎರಡು ಸ್ಕ್ವಾಡ್ರನ್‌ಗಳು ಕರ್ನಲ್ ಕಜಿಮಿಯೆಝ್ ಮಸ್ತಾಲೆಝ್ ನೇತೃತ್ವದಲ್ಲಿ ಜರ್ಮನ್ ಕಾಲಾಳುಗಳ ಮೇಲೆ ದಾಳಿಮಾಡಿ ಅವರನ್ನು ಚದುರಿಸಿದವು. ಆಮೇಲೆ ಕಾಡಿನ ಅಂಚಿನಿಂದ ಬಂದ ಶಸ್ತ್ರಸಜ್ಜಿತ ವಾಹನಗಳ ಮಶೀನ್ ಗನ್ನುಗಳಿಗೆ ಸಿಕ್ಕು ಮಸ್ತಾಲೆಝ್ ಮತ್ತು ಹಲವು ಸವಾರರು ಸತ್ತರು. ನಂತರ ಆ ಜಾಗವನ್ನು ನೋಡಲು ಬಂದ ಇಟಾಲಿಯನ್ ಪತ್ರಕರ್ತರ ವರದಿಗಳಿಂದ, ಪೋಲಿಶ್ ರಾವುತರು ಭರ್ಜಿ ಹಿಡಿದು ಟ್ಯಾಂಕುಗಳ ಮೇಲೆ ನುಗ್ಗಿದರೆಂಬ ಕಥೆ ಹುಟ್ಟಿ ಜಗತ್ತಿನಾದ್ಯಂತ ಹರಡಿತು, ಇಂದಿಗೂ ಹಲವರು ಅದನ್ನು ನಿಜವೆಂದೇ ನಂಬುತ್ತಾರೆ. ಅವರು ನುಗ್ಗಿದ್ದು ಟ್ಯಾಂಕುಗಳ ಮೇಲಲ್ಲ, ಅವರ ಕೈಯಲ್ಲಿದ್ದದ್ದು ಕತ್ತಿ. ಭರ್ಜಿಯ ಗುರುತಾಗಿ ಉಳಿದಿದ್ದದ್ದು ಸಮವಸ್ತ್ರದ ಕೊರಳಪಟ್ಟಿಯ ಮೇಲೆ ಹೊಲಿದ, ಎರಡು ನಾಲಗೆಯ ಪುಟ್ಟ ಪತಾಕೆ.